ಮುರಿದ ಮದುವೆಯೂ ಸುತ್ತಲಿನ ನಾಲ್ಕು ಜನರೂ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣವಿದೆ. ಹೃದ್ರೋಗ ತಜ್ಞರಿಗೆಲ್ಲ ಅದರ ಹೆಸರು ಗೊತ್ತು. ರಕ್ತದೊತ್ತಡ, ಕೊಲೆಸ್ಟರಾಲ್, ಬೀಡಿ ಸಿಗರೇಟು ಇವೆಲ್ಲ ಹೃದಯಕ್ಕೆ ಕುತ್ತು ಎಂದು ಇವತ್ತು ನಮ್ಮ ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಹೇಳುತ್ತಾರಲ್ಲ, ಅದರ ಬೇರು ಇರುವುದು 1948ರಲ್ಲಿ ಆ ಊರಿನ 5,209 ಮಂದಿಯನ್ನು ಸೇರಿಸಿಕೊಂಡು ಆರಂಭಿಸಿದ ಅಧ್ಯಯನದಲ್ಲಿ. 1971ರಲ್ಲಿ ಅವರ ಮಕ್ಕಳು, ಸೊಸೆ ಅಳಿಯಂದಿರೂ ಅದರಲ್ಲಿ ಸೇರಿದರು. ವರ್ಷಾನುಗಟ್ಟಲೆ ನಡೆಯುವ ಇಂಥ ಕೆಲಸದಲ್ಲಿ ದೊಡ್ಡ ತೊಡಕೆಂದರೆ ಜನ ಕೈತಪ್ಪಿ ಹೋಗುವುದು. ಮನೆ ಬದಲಿಸುತ್ತಾರೆ, ಊರು ಬಿಡುತ್ತಾರೆ. ಅದಕ್ಕೇ ಪ್ರತಿ ಸಲ ತಪಾಸಣೆಗೆ ಬಂದಾಗ ಸಿಬ್ಬಂದಿ ಒಂದು ಹಾಳೆಯಲ್ಲಿ ವಿವರ ಬರೆದುಕೊಳ್ಳುತ್ತಿದ್ದರು. ತಂದೆ ತಾಯಿ ಎಲ್ಲಿದ್ದಾರೆ, ಒಡಹುಟ್ಟಿದವರು ಯಾರು, ನೀವು ಸಿಗದೇ ಹೋದರೆ ನಿಮ್ಮ ಸುಳಿವು ಕೊಡಬಲ್ಲ ಆಪ್ತ ಸ್ನೇಹಿತರು ಯಾರು?

ಬರೀ ವಿಳಾಸ ಹುಡುಕಲೆಂದು ಬರೆದಿಟ್ಟ ಈ ಹಾಳೆಗಳು ಕಡತಗಳಲ್ಲಿ ಉಳಿದಿದ್ದವು. ದಶಕಗಳ ಮೇಲೆ ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಎಂಬ ಇಬ್ಬರು ವಿದ್ವಾಂಸರಿಗೆ ಅವುಗಳ ಬೆಲೆ ಹೊಳೆಯಿತು. ಒಂದು ಊರಿನಲ್ಲಿ ಯಾರು ಯಾರಿಗೆ ಸ್ನೇಹಿತರು, ಯಾರು ಯಾರಿಗೆ ನೆಂಟರು, ಆ ನಂಟು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು ಎಂಬ ನಕ್ಷೆಯೇ ಅದರಲ್ಲಿತ್ತು. ರಾಜ್ಯಶಾಸ್ತ್ರಜ್ಞೆ ರೋಸ್ ಮೆಕ್‌ಡರ್ಮಟ್ ಜೊತೆ ಸೇರಿ ಅವರು ಆ ನಕ್ಷೆಯ ಮೇಲೆ ವಿಚ್ಛೇದನಗಳನ್ನು ಗುರುತಿಸುತ್ತ ಹೋದರು. 2013ರಲ್ಲಿ ‘ಸೋಷಿಯಲ್ ಫೋರ್ಸಸ್’ ಪತ್ರಿಕೆಯಲ್ಲಿ ಬಂದ ಅವರ ಪ್ರಬಂಧದ ಪ್ರಕಾರ, ಸ್ನೇಹಿತರೊಬ್ಬರು ವಿಚ್ಛೇದನ ಪಡೆದಿದ್ದರೆ ತಾನೂ ಪಡೆಯುವ ಸಾಧ್ಯತೆ ಶೇ 75ರಷ್ಟು ಹೆಚ್ಚು. ಸ್ನೇಹಿತರ ಸ್ನೇಹಿತರು ಪಡೆದಿದ್ದರೆ ಶೇ 33ರಷ್ಟು ಹೆಚ್ಚು. ಮುಖ ಕೂಡ ನೋಡದ ಯಾರದೋ ಸಂಸಾರದ ಬಿರುಕು ನಮ್ಮ ಮನೆಯ ತನಕ ಬರುತ್ತದೆ ಎಂದ ಹಾಗಾಯಿತು.

ಜಗತ್ತಿನ ಪತ್ರಿಕೆಗಳೆಲ್ಲ ಇದಕ್ಕೆ ಕೊಟ್ಟ ತಲೆಬರಹ ಹೆಚ್ಚುಕಡಿಮೆ ಒಂದೇ: ವಿಚ್ಛೇದನ ಅಂಟುರೋಗ. ಈ ಮಾತು ನನಗೆ ಮೊದಲಿನಿಂದಲೂ ಸರಿಬಂದಿಲ್ಲ. ಅಂಟುರೋಗ ಎಂದ ಕೂಡಲೇ ಮುಂದಿನ ಸಲಹೆ ತಾನಾಗಿ ಹುಟ್ಟಿಕೊಳ್ಳುತ್ತದೆ, ರೋಗಿಯಿಂದ ದೂರವಿರಿ ಎಂದು. ಗಂಡನಿಂದ ಬೇರೆಯಾದ ಹೆಣ್ಣುಮಗಳನ್ನು ಅರಿಸಿನ ಕುಂಕುಮಕ್ಕೆ ಕರೆಯದ, ಹೊಸದಾಗಿ ಮದುವೆಯಾದ ಮಗಳು ಅವಳ ಜೊತೆ ಹೆಚ್ಚು ಮಾತಾಡದಂತೆ ಕಣ್ಣಿಟ್ಟಿರುವ ಮನೆಗಳು ನಮ್ಮಲ್ಲಿ ಮೊದಲೇ ಬೇಕಾದಷ್ಟಿವೆ. ಅವಕ್ಕೆ ವಿಜ್ಞಾನದ ಮುದ್ರೆಯನ್ನೂ ಒತ್ತಿಕೊಡುವುದು ಬೇಡ. ಆ ಪ್ರಬಂಧ ಬರೆದವರೇ ಅಂಥ ತೀರ್ಮಾನಕ್ಕೆ ಬಂದಿಲ್ಲ. ಹೆಚ್ಚು ಸ್ನೇಹಿತರಿರುವವರ ಮದುವೆ ಮುರಿಯುವುದು ಕಡಿಮೆ ಎಂಬುದೂ ಅವರಿಗೆ ಕಂಡಿತ್ತು. ಸ್ನೇಹಿತರ ಸಂಸಾರದ ಕಷ್ಟಕ್ಕೆ ಕಿವಿಗೊಡುವುದು ನಿಮ್ಮ ಸಂಸಾರಕ್ಕೂ ಒಳ್ಳೆಯದು ಎಂಬುದು ಅವರು ಕೊಟ್ಟ ಸಲಹೆ. ಮಕ್ಕಳಿರುವುದರಿಂದಲೇ ವಿಚ್ಛೇದನ ಕಡಿಮೆಯಾಗುವುದು ಅವರಿಗೆ ಕಾಣಲಿಲ್ಲ. ಆದರೆ ಒಂದೊಂದು ಮಗು ಹೆಚ್ಚಾದಂತೆ ಸ್ನೇಹಿತರ ವಿಚ್ಛೇದನ ಬೀರುವ ಪ್ರಭಾವ ತಗ್ಗುತ್ತದೆ ಎಂದು ಕಂಡಿತು.

ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಜನ ತಮ್ಮಂಥವರನ್ನೇ ಹುಡುಕಿ ಸ್ನೇಹ ಮಾಡುತ್ತಾರೆ. ಮನೆಯಲ್ಲಿ ನೆಮ್ಮದಿಯಿಲ್ಲದ ಇಬ್ಬರು ಹತ್ತಿರವಾಗುವುದು ಸಹಜ. ಆಮೇಲೆ ಇಬ್ಬರೂ ವಿಚ್ಛೇದನ ಪಡೆದರೆ ಒಬ್ಬರಿಂದ ಇನ್ನೊಬ್ಬರಿಗೆ ‘ಹರಡಿತು’ ಎನ್ನುವುದು ಹೇಗೆ? ಕ್ರಿಸ್ಟಾಕಿಸ್ ಮತ್ತು ಫೌಲರ್ ಸ್ನೇಹದ ಪ್ರಭಾವ ಅಳೆಯಲು ಬಳಸುತ್ತಿದ್ದ ವಿಧಾನವನ್ನು 2008ರಲ್ಲೇ ಕೊಹೆನ್–ಕೋಲ್ ಮತ್ತು ಫ್ಲೆಚರ್ ಎಂಬ ಅರ್ಥಶಾಸ್ತ್ರಜ್ಞರು ಪರೀಕ್ಷೆಗೆ ಒಡ್ಡಿದ್ದರು. ಹದಿಹರೆಯದ ಮಕ್ಕಳ ಮಾಹಿತಿಗೆ ಅದೇ ಬಗೆಯ ಲೆಕ್ಕ ಹಾಕಿದರೆ ಮೊಡವೆ, ತಲೆನೋವು, ಕೊನೆಗೆ ಮೈಯ ಎತ್ತರ ಕೂಡ ಸ್ನೇಹಿತರಿಂದ ಸ್ನೇಹಿತರಿಗೆ ಹರಡುವಂತೆ ಕಾಣುತ್ತದೆ ಎಂದು ತೋರಿಸಿದರು. ಆದ್ದರಿಂದ ಶೇ 75 ಎಂಬ ಅಂಕಿಯನ್ನು ಕಣ್ಣುಮುಚ್ಚಿ ಹಿಡಿದುಕೊಳ್ಳುವಂತಿಲ್ಲ. ಅದು ಒಂದು ಊರಿನ, ಬಹುಮಟ್ಟಿಗೆ ಬಿಳಿಯ ಮಧ್ಯಮ ವರ್ಗದವರ ಲೆಕ್ಕ ಕೂಡ.

ಹಾಗೆಂದು ಸುತ್ತಲಿನವರ ಪ್ರಭಾವವೇ ಇಲ್ಲ ಎನ್ನಲಾಗದು. ಸ್ವೀಡನ್ನಿನ ಇವೊನ್ ಓಬರ್ಗ್ ಎಂಬ ಸಮಾಜಶಾಸ್ತ್ರಜ್ಞೆ ಅಲ್ಲಿನ ಸರ್ಕಾರಿ ದಾಖಲೆಗಳನ್ನೇ ಇಟ್ಟುಕೊಂಡು ಕಚೇರಿ ಕಾರ್ಖಾನೆಗಳ ನೌಕರರನ್ನು ನೋಡಿದರು. ಸಹೋದ್ಯೋಗಿಗಳನ್ನು ಸ್ನೇಹಿತರಂತೆ ನಾವು ಆರಿಸಿಕೊಳ್ಳುವುದಿಲ್ಲ. ಕೆಲಸ ಸಿಕ್ಕಲ್ಲಿ ಯಾರಿರುತ್ತಾರೋ ಅವರೇ. ಅಲ್ಲೂ ವಿಚ್ಛೇದಿತರು ಹೆಚ್ಚಿದ್ದ ಕಡೆ ಉಳಿದವರ ಮದುವೆ ಮುರಿಯುವ ಸಾಧ್ಯತೆ ಹೆಚ್ಚಿತ್ತು. ಬ್ರೆಜಿಲ್‌ನಲ್ಲಿ ಮನುಷ್ಯರು ಎದುರಿಗೆ ಇರಬೇಕಾದ್ದೂ ಇರಲಿಲ್ಲ. ರೆಡೆ ಗ್ಲೋಬೊ ಎಂಬ ವಾಹಿನಿಯ ಧಾರಾವಾಹಿಗಳು ಯಾವ ಯಾವ ಊರಿಗೆ ಯಾವ ವರ್ಷ ತಲುಪಿದವು ಎಂಬುದನ್ನು ಜನಗಣತಿಯ ಜೊತೆ ಹೋಲಿಸಿದ ಆಲ್ಬರ್ಟೊ ಚಾಂಗ್ ಮತ್ತು ಎಲಿಯಾನಾ ಲಾ ಫೆರಾರಾ, ಸಿಗ್ನಲ್ ಸಿಕ್ಕ ಊರುಗಳಲ್ಲಿ ಗಂಡನಿಂದ ಬೇರೆಯಾದ ಹೆಂಗಸರ ಪಾಲು ಏರಿದ್ದನ್ನು ಕಂಡರು. ಚಿಕ್ಕ ಊರುಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತಿತ್ತು. ವಿಚ್ಛೇದನವನ್ನು 1977ರ ತನಕ ಕಾನೂನೇ ಒಪ್ಪದಿದ್ದ ದೇಶ ಅದು.

ಒಬ್ಬರ ವಿಚ್ಛೇದನ ಇನ್ನೊಬ್ಬರಿಗೆ ನಿಜವಾಗಿ ಏನನ್ನು ದಾಟಿಸುತ್ತದೆ? ನನಗೆ ಪರಿಚಯವಿರುವ ಒಬ್ಬ ಶಾಲಾ ಶಿಕ್ಷಕಿಯ ವಿಷಯ ಹೇಳುತ್ತೇನೆ. ಮದುವೆಯಾದಾಗಿನಿಂದ ಗಂಡನ ಹೊಡೆತ ತಿನ್ನುತ್ತಿದ್ದರು. ತವರಿಗೆ ಗೊತ್ತಿತ್ತು, ಅಕ್ಕಪಕ್ಕದವರಿಗೂ ಗೊತ್ತಿತ್ತು. ‘ಹೊಂದಿಕೊಂಡು ಹೋಗು’ ಎಂಬುದೇ ಎಲ್ಲರ ಬಾಯಲ್ಲೂ. ಅವರ ಶಾಲೆಗೆ ವರ್ಗವಾಗಿ ಬಂದ ಇನ್ನೊಬ್ಬ ಶಿಕ್ಷಕಿ ವಿಚ್ಛೇದಿತೆ, ಜೊತೆಗೆ ಒಬ್ಬ ಮಗ. ಆಕೆ ಯಾರಿಗೂ ಉಪದೇಶ ಮಾಡುವ ಸ್ವಭಾವದವರಲ್ಲ. ಆದರೆ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚಿದಾಗ ಒಂದೊಂದೇ ವಿವರ ಹೊರಬೀಳುತ್ತಿತ್ತು. ಸಂಬಳದ ಖಾತೆ ಜಂಟಿಯಾಗಿದ್ದರೆ ಮೊದಲು ಒಂಟಿ ಖಾತೆ ತೆರೆಯಬೇಕು. ಮದುವೆಯ ಫೋಟೊ, ಲಗ್ನಪತ್ರಿಕೆ, ಮಗುವಿನ ಜನನ ಪ್ರಮಾಣಪತ್ರ ಇವನ್ನು ಕೈಯಲ್ಲಿಟ್ಟುಕೊಂಡೇ ಮನೆ ಬಿಡಬೇಕು. ವಕೀಲರ ಫೀಸು ಇಷ್ಟಿರುತ್ತದೆ. ಅಷ್ಟು ಕೊಡಲಾಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರೆ. ಬಾಡಿಗೆ ಮನೆ ಕೇಳುವಾಗ ‘ಯಜಮಾನರು ಎಲ್ಲಿ’ ಎಂದರೆ ಏನು ಹೇಳಬೇಕು. ಮಗನ ಶಾಲೆಯ ಅರ್ಜಿಯಲ್ಲಿ ತಂದೆಯ ಸಹಿಯ ಜಾಗಕ್ಕೆ ಏನು ಮಾಡಬೇಕು. ಎರಡು ವರ್ಷ ಹೀಗೆ ಕೇಳಿಸಿಕೊಂಡ ಮೇಲೆ ನನ್ನ ಪರಿಚಯದ ಶಿಕ್ಷಕಿ ಅರ್ಜಿ ಹಾಕಿದರು. ಊರವರು ಹೇಳಿದ್ದು, ಆ ಇನ್ನೊಬ್ಬಳ ಸಹವಾಸದಿಂದ ಕೆಟ್ಟಳು ಎಂದು.

ಸಹವಾಸದಿಂದ ಆದದ್ದು ಹೌದು. ಮುರಿದದ್ದು ಮಾತ್ರ ಆ ಸಹವಾಸಕ್ಕೆ ಎಷ್ಟೋ ವರ್ಷ ಮೊದಲೇ. ಸುತ್ತಲಿನ ಜನ ತೋರಿಸಿಕೊಟ್ಟದ್ದು ಅದರಾಚೆಯೂ ಬದುಕಿದೆ ಎಂಬುದನ್ನು, ಅಲ್ಲಿಗೆ ಹೋಗುವ ದಾರಿಯನ್ನು. ವಿಚ್ಛೇದನದ ಅಂಕಿಸಂಖ್ಯೆ ಏರಿತು ಎಂದು ಯಾರಾದರೂ ಗಾಬರಿಪಟ್ಟಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಹೆಚ್ಚಾದದ್ದು ಮುರಿದ ಮದುವೆಗಳೋ, ಮೊದಲೇ ಮುರಿದಿದ್ದ ಮದುವೆಗಳಿಂದ ಹೊರಗೆ ಬಂದವರೋ?

ಬೀಗರ ಮನೆಯ ಲೆಕ್ಕ

ಸ್ನೇಹಿತರು, ಸಹೋದ್ಯೋಗಿಗಳು ಎಂದು ಅಮೆರಿಕ, ಸ್ವೀಡನ್‌ಗಳಲ್ಲಿ ಹುಡುಕುತ್ತಾರೆ. ನಮ್ಮಲ್ಲಿ ಮದುವೆಯ ಸುತ್ತಲಿನ ಜನ ಎಂದರೆ ಮೊದಲಿಗೆ ಅತ್ತೆ ಮಾವ, ನಾದಿನಿ, ತವರಿನ ಅಣ್ಣ ಅತ್ತಿಗೆ. ಈ ನಂಟಿನ ಬಗ್ಗೆ ನಾನು ಓದಿದ ಅತ್ಯಂತ ಕುತೂಹಲದ ಸಂಶೋಧನೆ ಮಿಶಿಗನ್ನಿನ ಟೆರಿ ಆರ್ಬಕ್ ಅವರದು. 1986ರಲ್ಲಿ ಮದುವೆಯಾದ 373 ಜೋಡಿಗಳನ್ನು ಅವರು ದಶಕಗಟ್ಟಲೆ ಹಿಂಬಾಲಿಸಿದರು. ಮದುವೆಯ ಆರಂಭದಲ್ಲೇ ‘ನಿಮ್ಮ ಅತ್ತೆ ಮಾವಂದಿರ ಜೊತೆ ಎಷ್ಟು ಹತ್ತಿರವಾಗಿದ್ದೀರಿ’ ಎಂದು ಇಬ್ಬರನ್ನೂ ಕೇಳಿದ್ದರು. ಗಂಡ ಹೆಂಡತಿಯ ತವರಿಗೆ ಹತ್ತಿರವಾಗಿದ್ದ ಜೋಡಿಗಳಲ್ಲಿ ವಿಚ್ಛೇದನದ ಸಾಧ್ಯತೆ ಶೇ 20ರಷ್ಟು ಕಡಿಮೆಯಾಗಿತ್ತು. ಹೆಂಡತಿ ಗಂಡನ ಮನೆಯವರಿಗೆ ತೀರಾ ಹತ್ತಿರವಾಗಿದ್ದಲ್ಲಿ ಅಷ್ಟೇ ಹೆಚ್ಚಾಗಿತ್ತು! ಆರ್ಬಕ್ ಕೊಡುವ ವಿವರಣೆ ಸರಳ. ಅಳಿಯ ಅತ್ತೆಮನೆಯವರನ್ನು ಹಚ್ಚಿಕೊಂಡರೆ ‘ನನ್ನವರನ್ನು ತನ್ನವರೆಂದುಕೊಂಡ’ ಎಂದು ಹೆಂಡತಿಗೆ ಸಂತೋಷ. ಸೊಸೆ ಹಚ್ಚಿಕೊಂಡಾಗ ಮಾತ್ರ ಆ ಮನೆಯವರ ಸಲಹೆ, ಟೀಕೆ, ಮಕ್ಕಳನ್ನು ಬೆಳೆಸುವ ಬಗೆಗಿನ ತಗಾದೆ ಇವೆಲ್ಲಕ್ಕೂ ಬಾಗಿಲು ತೆರೆದಂತೆ.

ಒಂದೇ ಸೂರಿನಡಿ ಇರದ ಅಮೆರಿಕದ ಅತ್ತೆ ಸೊಸೆಯರ ಲೆಕ್ಕವೇ ಇದಾದರೆ, ಹೊಸ್ತಿಲ ಮೇಲಿನ ಅಕ್ಕಿ ಒದ್ದು ಒಳಗೆ ಬಂದ ದಿನದಿಂದ ಆ ಮನೆಯಲ್ಲೇ ಇರುವ ನಮ್ಮ ಸೊಸೆಯಂದಿರ ಪಾಡನ್ನು ಹೇಳಬೇಕಾಗಿಲ್ಲ. ಅಳಿಯನಿಗೆ ನಾವು ವರ್ಷಕ್ಕೊಮ್ಮೆ ದೀಪಾವಳಿಗೆ ಕರೆದು ಮಣೆ ಹಾಕುತ್ತೇವೆ. ಅವನು ಆ ಮನೆಯ ಕಷ್ಟಸುಖಕ್ಕೆ ಆಗಲಿ ಎಂದು ಯಾರೂ ಬಯಸುವುದಿಲ್ಲ. ಹಾಗೆ ಆದರೆ ‘ಹೆಂಡತಿಯ ಸೆರಗು ಹಿಡಿದವನು’ ಎನ್ನುತ್ತೇವೆ. ಮದುವೆಗೆ ಬಲ ಕೊಡುವ ನಂಟನ್ನೇ ನಾವು ಹಾಸ್ಯ ಮಾಡಿ ಕಡಿದುಹಾಕುತ್ತಿದ್ದೇವಲ್ಲ ಎಂದು ನನಗೆ ಬೇಸರವಾಗುತ್ತದೆ.

ಲಂಡನ್ನಿನ 20 ಕುಟುಂಬಗಳನ್ನು ಹತ್ತಿರದಿಂದ ಕಂಡು ಎಲಿಜಬೆತ್ ಬಾಟ್ 1957ರಲ್ಲಿ ಒಂದು ಪುಸ್ತಕ ಬರೆದರು. ದಂಪತಿಗಳ ನೆಂಟರಿಷ್ಟರು, ಸ್ನೇಹಿತರು, ನೆರೆಯವರು ಒಬ್ಬರಿಗೊಬ್ಬರು ಗೊತ್ತಿದ್ದು ಒತ್ತಾಗಿ ಹೆಣೆದುಕೊಂಡಿದ್ದರೆ ಗಂಡನ ಕೆಲಸ ಗಂಡನಿಗೆ, ಹೆಂಡತಿಯದು ಹೆಂಡತಿಗೆ. ದುಃಖ ತೋಡಿಕೊಳ್ಳಲು ಅವಳಿಗೆ ತಾಯಿ ತಂಗಿಯರಿದ್ದಾರೆ, ಅವನಿಗೆ ಗೆಳೆಯರಿದ್ದಾರೆ. ಪರಿಚಿತರು ಚದುರಿಹೋಗಿ ಒಬ್ಬರಿಗೊಬ್ಬರು ಗೊತ್ತಿಲ್ಲದ ಕಡೆ ದಂಪತಿಗಳು ಎಲ್ಲಕ್ಕೂ ಪರಸ್ಪರರನ್ನೇ ಆಶ್ರಯಿಸುತ್ತಾರೆ. ಬಾಟ್ ಬರೆದದ್ದು ಲಂಡನ್ನಿನ ಬಗ್ಗೆ. ನನಗೆ ಓದುವಾಗ ಕಾಣುತ್ತಿದ್ದುದು ಹಾವೇರಿಯಿಂದಲೋ ಸಾಗರದಿಂದಲೋ ಬಂದು ಬೆಂಗಳೂರಿನ ವೈಟ್‌ಫೀಲ್ಡಿನ ಒಂಬತ್ತನೇ ಮಹಡಿಯಲ್ಲಿ ಸಂಸಾರ ಹೂಡಿದ ಜೋಡಿಗಳು. ಊರಿನಲ್ಲಿ ಹತ್ತು ಜನರ ನಡುವೆ ಹಂಚಿಹೋಗುತ್ತಿದ್ದ ಸಿಟ್ಟು, ಅಳು, ಹರಟೆ, ಸಲಹೆ, ಮಗುವನ್ನು ಎತ್ತಿಕೊಳ್ಳುವ ಕೈಗಳು, ಈ ಎಲ್ಲವನ್ನೂ ಇಲ್ಲಿ ಒಬ್ಬನೇ ಮನುಷ್ಯ ಕೊಡಬೇಕು. ಅವನು ರಾತ್ರಿ ಹತ್ತರ ತನಕ ಅಮೆರಿಕದವರ ಜೊತೆ ಮೀಟಿಂಗಿನಲ್ಲಿರುತ್ತಾನೆ.

ಕಡಲಾಚೆ ಹೋದ ಕನ್ನಡಿಗ ದಂಪತಿಗಳಲ್ಲಿ ಇದು ಇನ್ನೂ ತೀವ್ರ. ಗಂಡನ ಎಚ್–1ಬಿ ವೀಸಾದ ಆಧಾರದ ಮೇಲೆ ಎಚ್–4 ವೀಸಾದಲ್ಲಿ ಅಮೆರಿಕಕ್ಕೆ ಹೋದ ಹೆಂಡತಿಗೆ ಬಹುಕಾಲ ಕೆಲಸ ಮಾಡುವ ಹಕ್ಕೇ ಇರಲಿಲ್ಲ. 2015ರಿಂದ ಕೆಲವರಿಗೆ ಮಾತ್ರ ಸಿಕ್ಕಿದೆ. ಎಂಜಿನಿಯರಿಂಗ್ ಓದಿದವಳು ಮನೆಯಲ್ಲಿ ಕೂತಿದ್ದಾಳೆ, ಹಿಮ ಬಿದ್ದಿದೆ, ಹತ್ತಿರದ ಕನ್ನಡದ ಮನೆ ನಲವತ್ತು ಮೈಲಿ. ಗಂಡನನ್ನು ಬಿಟ್ಟರೆ ವೀಸಾವೂ ಹೋಗುತ್ತದೆ. ಅಲ್ಲಿನ ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವ ಮಾಡುವುದನ್ನು ನಾವು ಮೆಚ್ಚುತ್ತೇವೆ. ಹಬ್ಬದ ಗಡಿಬಿಡಿಯ ನಡುವೆ ಅಡುಗೆಮನೆಯ ಕಡೆ ಬಂದು ಯಾರ ಹತ್ತಿರವಾದರೂ ಒಂದು ಮಾತು ಹೇಳಿಕೊಳ್ಳಲು ಆಕೆಗೆ ಜಾಗ ಸಿಗುವುದೂ ಅಲ್ಲೇ.

ಸೋಡಚೀಟಿ ಇದ್ದ ನಾಡು

ವಿಚ್ಛೇದನ ಪಶ್ಚಿಮದಿಂದ ಬಂದ ಪೀಡೆ, ನಮ್ಮ ಹಿರಿಯರಿಗೆ ಇದು ಗೊತ್ತೇ ಇರಲಿಲ್ಲ ಎನ್ನುವವರಿಗೆ ಉತ್ತರ ಕರ್ನಾಟಕದ ಹಳೆಯ ಜನರನ್ನು ಮಾತಾಡಿಸಿ ಎನ್ನುತ್ತೇನೆ. ಅನೇಕ ಸಮುದಾಯಗಳಲ್ಲಿ ಸೋಡಚೀಟಿಯ ರೂಢಿಯಿತ್ತು. ಕೂಡಿ ಬಾಳಲು ಆಗದಿದ್ದರೆ ಎರಡೂ ಕಡೆಯ ಹಿರಿಯರು, ದೈವದವರು ಕೂತು ಮಾತಾಡಿ, ಕೊಟ್ಟದ್ದು ತಂದದ್ದು ಲೆಕ್ಕ ಹಾಕಿ, ಕಾಗದ ಬರೆದು ಇಬ್ಬರನ್ನೂ ಬಿಡಿಸುತ್ತಿದ್ದರು. ಆ ಹೆಣ್ಣಿಗೆ ಮತ್ತೆ ಸಂಸಾರ ಹೂಡಲು ಉಡಿಕೆ ಅಥವಾ ಕೂಡಿಕೆ ಎಂಬ ದಾರಿ ಇತ್ತು. ಸೀರೆ ಉಡಿಸಿ, ಹೆಚ್ಚು ಸದ್ದುಗದ್ದಲವಿಲ್ಲದೆ ಮಾಡುವ ಮರುಮದುವೆ ಅದು. ಕರಾವಳಿಯ ಬಂಟರಲ್ಲಿ ಕನ್ಯೆಯ ಮದುವೆಗೆ ಕೈದಾರೆ, ಮರುಮದುವೆಗೆ ಬುಡುದಾರೆ ಎಂಬ ಬೇರೆ ಬೇರೆ ಕ್ರಮಗಳೇ ಇದ್ದವು. ಅಳಿಯಸಂತಾನದ ಕಟ್ಟಿನಲ್ಲಿ ಹೆಣ್ಣಿಗೆ ಅವಳ ಕುಟುಂಬದ ಮನೆಯೇ ಮನೆ, ಮಕ್ಕಳೂ ಆ ಮನೆಗೇ ಸೇರಿದವರು. ಗಂಡನನ್ನು ಬಿಟ್ಟು ಬಂದವಳು ಯಾರದೋ ಹಂಗಿನ ಮನೆಗೆ ಬಂದವಳಾಗುತ್ತಿರಲಿಲ್ಲ.

ಇದನ್ನೆಲ್ಲ ಸುವರ್ಣಯುಗವೆಂದು ಕೊಂಡಾಡುವ ಆಸೆ ನನಗಿಲ್ಲ. ಉಡಿಕೆಯಾದ ಹೆಂಗಸಿಗೆ ಶುಭಕಾರ್ಯಗಳಲ್ಲಿ ಮುಂದೆ ನಿಲ್ಲುವ ಹಕ್ಕು ಇರುತ್ತಿರಲಿಲ್ಲ. ಪಂಚಾಯ್ತಿಯಲ್ಲಿ ಕೂತವರೆಲ್ಲ ಗಂಡಸರು. ಗಂಡಿನ ಕಡೆ ಬಲವಿದ್ದರೆ ಹೆಣ್ಣಿಗೆ ಬರಿಗೈ. ಇಷ್ಟಾದರೂ ಆ ಸಮಾಜದಲ್ಲಿ ಮದುವೆ ಮುರಿಯಬಹುದು ಎಂಬ ಸತ್ಯವನ್ನು ಎಲ್ಲರೂ ಒಪ್ಪಿಕೊಂಡಿದ್ದರು, ಮುರಿದ ಮೇಲೆ ಏನು ಮಾಡಬೇಕೆಂಬ ಏರ್ಪಾಡನ್ನೂ ಮಾಡಿಕೊಂಡಿದ್ದರು.

ಅದು ಹೇಗೆ ಕಳೆದುಹೋಯಿತು? ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಜಾತಿಯ ಏಣಿಯಲ್ಲಿ ಮೇಲೇರಬೇಕೆಂಬ ಸಮುದಾಯಗಳು ಮೇಲಿನವರ ಆಚಾರವನ್ನು ಹಿಡಿಯುತ್ತವೆ. ಮಾಂಸ ಮದ್ಯ ಬಿಡುವ ಜೊತೆಗೆ ವಿಚ್ಛೇದನ, ವಿಧವೆಯ ಮರುಮದುವೆಗಳನ್ನೂ ಬಿಡುತ್ತವೆ. ಸಂಸ್ಕೃತೀಕರಣ ಎಂದು ಅವರು ಕರೆದ ಈ ಅನುಕರಣೆ ಹೆಚ್ಚಿದಷ್ಟೂ ಹೆಂಗಸರ ಮೇಲಿನ ಕಟ್ಟು ಬಿಗಿಯಾಗುತ್ತದೆ ಎಂಬುದನ್ನು ಅವರು ಐವತ್ತರ ದಶಕದಲ್ಲೇ ಗುರುತಿಸಿದ್ದರು. ನಾಲ್ಕು ಎಕರೆ ನೀರಾವರಿಯಾಗಿ, ಮಗ ಸರ್ಕಾರಿ ನೌಕರಿಗೆ ಸೇರಿ, ಮನೆಗೆ ಮಾನ ಬಂತು ಎಂದುಕೊಂಡ ಕುಟುಂಬದಲ್ಲಿ ಅಜ್ಜಿ ಉಡಿಕೆಯಾಗಿ ಬಂದವಳು ಎಂಬ ವಿಷಯವನ್ನು ಮೊಮ್ಮಕ್ಕಳಿಗೆ ಹೇಳುವುದಿಲ್ಲ. ಅಜ್ಜಿಗೆ ಇದ್ದ ದಾರಿ ಮೊಮ್ಮಗಳಿಗೆ ಇಲ್ಲವಾಗುತ್ತದೆ. ಸುತ್ತಲಿನ ಸಮಾಜ ವಿಚ್ಛೇದನವನ್ನು ಹೆಚ್ಚಿಸುವಂತೆಯೇ ಅಡಗಿಸಬಲ್ಲದು ಎಂಬುದಕ್ಕೆ ನಮ್ಮ ನಾಡಿನಲ್ಲೇ ಇರುವ ದೊಡ್ಡ ನಿದರ್ಶನ ಇದು.

ಕಾನೂನು ಅದೇ ಹೊತ್ತಿಗೆ ಇನ್ನೊಂದು ದಿಕ್ಕಿನಿಂದ ಬರುತ್ತಿತ್ತು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡಗಳು ಸೇರಿದ್ದ ಮುಂಬೈ ಪ್ರಾಂತದಲ್ಲಿ ಹಿಂದೂ ವಿಚ್ಛೇದನ ಕಾಯ್ದೆ ಬಂದದ್ದು 1947ರಲ್ಲಿ. ದಕ್ಷಿಣ ಕನ್ನಡ, ಬಳ್ಳಾರಿಗಳಿದ್ದ ಮದ್ರಾಸಿನಲ್ಲಿ 1949ರಲ್ಲಿ. 1955ರ ಹಿಂದೂ ವಿವಾಹ ಕಾಯ್ದೆ ದೇಶದ ಬಹುಭಾಗದ ಹಿಂದೂಗಳಿಗೆ ಒಂದೇ ದಾರಿ ಮಾಡಿತು. ಅದರ 29ನೇ ಸೆಕ್ಷನ್ನು ರೂಢಿಯ ವಿಚ್ಛೇದನವನ್ನೂ ಉಳಿಸಿದೆ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ಇತ್ತೆಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕಿದೆವು, ಮುಗಿಯಿತು ಎಂದುಕೊಂಡು ಇಂದಿಗೂ ಎಷ್ಟೋ ಹೆಣ್ಣುಮಕ್ಕಳು ಮೋಸ ಹೋಗುತ್ತಾರೆ.

ಬಿಟ್ಟವರು ಮೂರು ಪಾಲು

2011ರ ಜನಗಣತಿಯನ್ನು ಆಧರಿಸಿ ಸೂರಜ್ ಜೇಕಬ್ ಮತ್ತು ಶ್ರೀಪರ್ಣಾ ಚಟ್ಟೋಪಾಧ್ಯಾಯ 2016ರಲ್ಲಿ ‘ಎಕನಾಮಿಕ್ ಆಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬರೆದ ಲೇಖನ ನನ್ನನ್ನು ಬಹಳ ಕಾಡಿದೆ. ದೇಶದಲ್ಲಿ ವಿಚ್ಛೇದಿತರು 13.6 ಲಕ್ಷ, ಮದುವೆಯಾದವರಲ್ಲಿ ಶೇ 0.24. ಕಾನೂನಿನ ಪ್ರಕಾರ ವಿಚ್ಛೇದನವಾಗದೆ ಸುಮ್ಮನೆ ಬೇರೆಯಾಗಿರುವವರು ಅದರ ಸುಮಾರು ಮೂರು ಪಟ್ಟು. ನಗರದಲ್ಲಿ ಹೆಚ್ಚು, ಹಳ್ಳಿಯಲ್ಲಿ ಕಡಿಮೆ ಎಂಬ ನಮ್ಮೆಲ್ಲರ ನಂಬಿಕೆಗೆ ಆಧಾರವಿಲ್ಲ. ಎರಡೂ ಕಡೆ ಅಂಥ ವ್ಯತ್ಯಾಸವೇನೂ ಇಲ್ಲ. ವ್ಯತ್ಯಾಸ ಇರುವುದು ಪ್ರದೇಶದಿಂದ ಪ್ರದೇಶಕ್ಕೆ. ಮಿಜೋರಾಂನಲ್ಲಿ ಶೇ 4.08, ಎರಡನೆಯ ಸ್ಥಾನದ ನಾಗಾಲ್ಯಾಂಡಿಗಿಂತ ನಾಲ್ಕು ಪಟ್ಟಿಗೂ ಮಿಕ್ಕಿ. ಬುಡಕಟ್ಟುಗಳ ರೂಢಿಯ ಕಾನೂನಿನಲ್ಲಿ ವಿಚ್ಛೇದನ ಸರಳವಾಗಿರುವ, ಬೇರೆಯಾದವರನ್ನು ಕೀಳಾಗಿ ಕಾಣದ ನಾಡು ಅದು. ಒಂದೇ ದೇಶದ ಒಳಗೆ ಮದುವೆಗಳು ಇಷ್ಟು ಹೆಚ್ಚುಕಡಿಮೆ ಕೆಟ್ಟಿರಲು ಸಾಧ್ಯವಿಲ್ಲ. ಕೆಟ್ಟ ಮೇಲೆ ಹೊರಬರಲು ಬಿಡುವ ಸಮಾಜ ಒಂದು, ಬಿಡದ ಸಮಾಜ ಇನ್ನೊಂದು.

ಬಿಡದ ಸಮಾಜದಲ್ಲಿ ಒಳಗೆ ಏನಾಗುತ್ತಿರುತ್ತದೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಗಂಡನ ದೌರ್ಜನ್ಯ ಅನುಭವಿಸಿದವರು ದೇಶದಲ್ಲಿ ಶೇ 29.3. ಕರ್ನಾಟಕದಲ್ಲಿ ಶೇ 44.4. ಹಿಂದಿನ ಸಮೀಕ್ಷೆಯಲ್ಲಿ ನಮ್ಮದು ಶೇ 20.6 ಇತ್ತು. ಹೆಚ್ಚಾದದ್ದು ಹೊಡೆತವೋ, ಅದನ್ನು ಹೇಳಿಕೊಳ್ಳುವ ಧೈರ್ಯವೋ ಎಂಬ ಚರ್ಚೆ ಇರಲಿ. ನೂರರಲ್ಲಿ ನಲವತ್ತನಾಲ್ಕು ಮನೆಗಳ ಸಂಗತಿ ಇದು. ಇದರ ಪಕ್ಕದಲ್ಲಿ ವಿಚ್ಛೇದನದ ಅಂಕಿ ಇಟ್ಟು ನೋಡಿದರೆ ‘ಭಾರತದಲ್ಲಿ ಮದುವೆ ಗಟ್ಟಿ’ ಎಂದು ಎದೆಯುಬ್ಬಿಸಲು ನನಗಂತೂ ಮನಸ್ಸು ಬರುವುದಿಲ್ಲ.

ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್ 1969ರಲ್ಲಿ ಸಹಿ ಹಾಕಿದ ಕಾಯ್ದೆ ಯಾರ ತಪ್ಪನ್ನೂ ಸಾಬೀತು ಮಾಡದೆ ವಿಚ್ಛೇದನ ಪಡೆಯುವ ಅವಕಾಶ ಕೊಟ್ಟಿತು. ಒಂದೊಂದಾಗಿ ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಬೆಟ್ಸಿ ಸ್ಟೀವನ್‌ಸನ್ ಮತ್ತು ಜಸ್ಟಿನ್ ವುಲ್ಫರ್ಸ್ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಆ ರಾಜ್ಯಗಳ ಅಂಕಿಅಂಶ ಜೋಡಿಸಿ ನೋಡಿದಾಗ, ಒಬ್ಬರೇ ಕೇಳಿದರೂ ವಿಚ್ಛೇದನ ಸಿಗುವಂತಾದ ಕಡೆಗಳಲ್ಲಿ ಹೆಂಗಸರ ಆತ್ಮಹತ್ಯೆಯೂ ಮನೆಯೊಳಗಿನ ಹಿಂಸೆಯೂ ಕಡಿಮೆಯಾಗಿದ್ದವು. ಹೊರಟುಹೋದವರಿಗೆ ಮಾತ್ರ ಇದರ ಫಲ ದಕ್ಕಿತು ಎನ್ನುವಂತಿಲ್ಲ. ಹೆಂಡತಿ ಬೇಕೆಂದರೆ ಎದ್ದು ಹೋಗಬಲ್ಲಳು ಎಂದು ಗೊತ್ತಿರುವ ಗಂಡನ ನಡವಳಿಕೆಯೇ ಬೇರೆಯಾಗುತ್ತದೆ. ನಮ್ಮಲ್ಲಿ 2020ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಗೃಹಿಣಿಯರ ಸಂಖ್ಯೆ 22,372 ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೇಳುತ್ತದೆ. ಅವರೆಲ್ಲರ ಕಾರಣ ಒಂದೇ ಎನ್ನಲಾಗದು. ಆದರೆ ಅವರಲ್ಲಿ ಎಷ್ಟು ಮಂದಿಗೆ ತವರಿನ ಬಾಗಿಲು ತೆರೆದಿತ್ತು ಎಂದು ಯೋಚಿಸದೆ ಇರಲು ನನಗೆ ಆಗುವುದಿಲ್ಲ.

ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಚಿತ್ರವಿದೆ. ಲೋಕ ಅದಾಲತ್ತಿನಲ್ಲಿ ಮತ್ತೆ ಒಂದಾದ ದಂಪತಿ. ಇಬ್ಬರ ಕೊರಳಲ್ಲೂ ಹಾರ, ನಡುವೆ ನ್ಯಾಯಾಧೀಶರು, ಆಚೀಚೆ ವಕೀಲರು, ಯಾರೋ ಸಿಹಿ ತಿನ್ನಿಸುತ್ತಿದ್ದಾರೆ. ‘ಮುನಿಸು ಮರೆತು ಒಂದಾದರು’ ಎಂದು ಶೀರ್ಷಿಕೆ. ಆ ಚಿತ್ರಗಳಲ್ಲಿನ ಹೆಣ್ಣುಮಗಳ ಮುಖವನ್ನು ಗಮನವಿಟ್ಟು ನೋಡಿ ಎಂದು ಓದುಗರನ್ನು ಕೇಳಿಕೊಳ್ಳುತ್ತೇನೆ. ಸಣ್ಣ ಮನಸ್ತಾಪ, ಹಟ, ಯಾರದೋ ಚಾಡಿಯಿಂದ ದೂರವಾದವರನ್ನು ಕೂರಿಸಿ ಮಾತಾಡಿಸುವುದು ಪುಣ್ಯದ ಕೆಲಸ. ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದಂಥ ಕಡೆಯೂ, ಜಿಲ್ಲೆಗಳ ಮಧ್ಯಸ್ಥಿಕೆ ಕೇಂದ್ರಗಳಲ್ಲೂ ಇಂಥ ಸಂಸಾರಗಳು ಉಳಿದಿವೆ. ಹೊಡೆತ ತಿಂದು ಬಂದವಳನ್ನೂ ಅದೇ ಹಾರ ಹಾಕಿ ಅದೇ ಮನೆಗೆ ಕಳುಹಿಸುವಾಗ ಮಾತ್ರ, ಒಂದಾದರು ಎಂಬ ಸುದ್ದಿಯ ಜೊತೆಗೆ ಒಂದು ವರ್ಷದ ಮೇಲೆ ಅವರು ಹೇಗಿದ್ದಾರೆ ಎಂಬ ಸುದ್ದಿಯನ್ನೂ ಯಾರಾದರೂ ಬರೆಯಬೇಕು.

ಮದುವೆಯನ್ನು ಎಲ್ಲಕ್ಕಿಂತ ಮೇಲೆ ಇಡುವ ಸಮಾಜದಲ್ಲಿ ಮದುವೆಗಳು ಬಾಳುತ್ತವೆ ಎಂಬ ನಂಬಿಕೆಗೂ ಅಮೆರಿಕದಲ್ಲಿ ಪೆಟ್ಟು ಬಿದ್ದಿದೆ. ಜೆನಿಫರ್ ಗ್ಲಾಸ್ ಮತ್ತು ಫಿಲಿಪ್ ಲೆವ್‌ಚಾಕ್ 2014ರಲ್ಲಿ ತೋರಿಸಿದ ಹಾಗೆ, ಸಂಪ್ರದಾಯಸ್ಥ ಪ್ರಾಟೆಸ್ಟೆಂಟರು ಹೆಚ್ಚಿರುವ ಕೌಂಟಿಗಳಲ್ಲೇ ವಿಚ್ಛೇದನ ಹೆಚ್ಚು. ಆ ಪಂಥಕ್ಕೆ ಸೇರದೆ ಅದೇ ಊರಿನಲ್ಲಿ ಇರುವವರಿಗೂ ಆ ಪ್ರಭಾವ ತಪ್ಪದು. ಬೇಗ ಮದುವೆ, ಬೇಗ ಮಕ್ಕಳು, ಅರ್ಧಕ್ಕೆ ನಿಂತ ಓದು, ಕೈಯಲ್ಲಿ ಕಡಿಮೆ ಕಾಸು. ಊರಿನ ರೀತಿಯೇ ಹಾಗಿರುವಾಗ ಎಲ್ಲರೂ ಆ ಹೊಳೆಯಲ್ಲೇ ಇಳಿಯುತ್ತಾರೆ. ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಐವರಲ್ಲಿ ಒಬ್ಬಳ ಮದುವೆ 18 ತುಂಬುವ ಮೊದಲೇ ಆಗಿದೆ ಎಂಬುದನ್ನು ಅದೇ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆ ಹುಡುಗಿಯರ ಹೊಣೆ ಹೊರಬೇಕಾದವರು ಅವರ ಸುತ್ತಲಿನವರು. ಪಿಯುಸಿ ಮುಗಿಸಲು ಬಿಡದೆ ಧಾರೆ ಎರೆದವರು ಅವರೇ ತಾನೇ.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅವಕಾಶ ಕೊಡುವ 13–ಬಿ ಸೆಕ್ಷನ್ನು ನಮ್ಮ ಕಾಯ್ದೆಗೆ ಸೇರಿದ್ದು 1976ರಲ್ಲಿ. ಒಂದು ವರ್ಷ ಬೇರೆ ಇದ್ದು ಅರ್ಜಿ ಹಾಕಿ, ಆಮೇಲೆ ಆರು ತಿಂಗಳು ಕಾಯಬೇಕು. ರಾಜಿಗೆ ಅವಕಾಶವೇ ಇಲ್ಲದ ಪ್ರಕರಣಗಳಲ್ಲಿ ಈ ಆರು ತಿಂಗಳನ್ನು ಬಿಟ್ಟುಕೊಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಸರಿಪಡಿಸಲಾಗದಷ್ಟು ಮುರಿದ ಮದುವೆಯನ್ನು ಸಂವಿಧಾನದ 142ನೇ ವಿಧಿಯಡಿ ತಾನೇ ಕೊನೆಗೊಳಿಸಬಹುದೆಂದು 2023ರ ಮೇ ತಿಂಗಳಲ್ಲಿ ಅದರ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಕಾನೂನು ಹೀಗೆ ನಿಧಾನವಾಗಿ ಸಡಿಲವಾಗುತ್ತಿದೆ. ತೀರ್ಪಿನ ಪ್ರತಿ ಹಿಡಿದು ಕೋರ್ಟಿನಿಂದ ಹೊರಬಂದವಳಿಗೆ ಮುಂದಿನ ಕೆಲಸವೆಲ್ಲ ಸುತ್ತಲಿನವರ ಜೊತೆಗೇ. ಗಂಡನ ಮನೆಯ ರೇಷನ್ ಕಾರ್ಡಿನಿಂದ ಹೆಸರು ತೆಗೆಸಬೇಕು. ತವರಿನ ಕಾರ್ಡಿಗೆ ಸೇರಿಸಲು ಅತ್ತಿಗೆ ಒಪ್ಪಬೇಕು. ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಕಾರ್ಡಿನಲ್ಲಿ ಯಜಮಾನಿ ಎಂದಿರುವವಳಿಗೆ ಹೋಗುತ್ತದೆ, ಇವಳಿಗಲ್ಲ. ನಲವತ್ತು ದಾಟಿದ ಬಡ ಅವಿವಾಹಿತೆಯರಿಗೂ ವಿಚ್ಛೇದಿತೆಯರಿಗೂ ರಾಜ್ಯ ಸರ್ಕಾರ 2013ರಲ್ಲಿ ತಂದ ಮನಸ್ವಿನಿ ಪಿಂಚಣಿ ಇದೆ. ಆದರೆ ಕಾಗದಪತ್ರವಿಲ್ಲದೆ ಸುಮ್ಮನೆ ಗಂಡ ಬಿಟ್ಟುಹೋದವಳು ತಾನು ವಿಚ್ಛೇದಿತೆ ಎಂದು ಹೇಗೆ ತೋರಿಸಬೇಕು? ಜನಗಣತಿಯ ಆ ಮೂರು ಪಟ್ಟು ಜನರ ಪೈಕಿ ಹೆಂಗಸರೇ ಹೆಚ್ಚು.

ಆ ಹೆಚ್ಚಳಕ್ಕೆ ಒಂದು ಕಾರಣವನ್ನು ಜೇಕಬ್, ಚಟ್ಟೋಪಾಧ್ಯಾಯ ಅವರೇ ಕೊಡುತ್ತಾರೆ: ಗಂಡಸರು ಮತ್ತೆ ಮದುವೆಯಾಗುತ್ತಾರೆ, ಹೆಂಗಸರು ಉಳಿದುಬಿಡುತ್ತಾರೆ. ಸಮುದಾಯದ ಸಂಘಗಳು ಏರ್ಪಡಿಸುವ ವಧು–ವರರ ಸಮಾವೇಶಗಳಲ್ಲಿ ಈಗ ವಿಧವೆ, ವಿಧುರ, ವಿಚ್ಛೇದಿತರಿಗೆಂದು ಪ್ರತ್ಯೇಕ ಹೊತ್ತು ಇಡುತ್ತಾರೆ. ಉಡಿಕೆಯನ್ನು ಮರೆತ ಸಮುದಾಯಗಳು ಅದನ್ನೇ ಮೈಕು, ನೋಂದಣಿ ಶುಲ್ಕಗಳೊಡನೆ ಮತ್ತೆ ತರುತ್ತಿವೆ. ಅಂಥ ಒಂದು ಸಮಾವೇಶದಲ್ಲಿ ಕೂತು ನೋಡಿದ್ದೇನೆ. ವೇದಿಕೆಗೆ ಬಂದ ಗಂಡು ಹೆಸರು, ಸಂಬಳ, ನಿವೇಶನದ ಅಳತೆ ಹೇಳಿ ಇಳಿಯುತ್ತಾನೆ. ಅವನಿಗೆ ಮಕ್ಕಳಿದ್ದರೂ ಅದು ತೊಡಕಲ್ಲ, ನೋಡಿಕೊಳ್ಳಲು ಒಬ್ಬಳು ಬೇಕು ಎಂಬುದೇ ಅವನ ಅರ್ಹತೆ. ಹೆಣ್ಣು ಬಂದಾಗ ಕೆಳಗಿನಿಂದ ಮೊದಲು ಬರುವ ಪ್ರಶ್ನೆ, ಮಗು ಇದೆಯೇ. ಇದೆ ಎಂದರೆ ಎರಡನೆಯ ಪ್ರಶ್ನೆ, ಅಜ್ಜಿಯ ಮನೆಯಲ್ಲಿ ಬಿಟ್ಟು ಬರಲು ಆಗುತ್ತದೆಯೇ. ಆ ದಿನ ಮೂವತ್ತರ ಆಸುಪಾಸಿನ ಒಬ್ಬಳು, ಆಗುವುದಿಲ್ಲ ಎಂದು ಮೈಕಿನಲ್ಲೇ ಹೇಳಿ, ತನ್ನ ಉದ್ಯೋಗ, ಸಂಬಳ, ಮಗಳು ಓದುವ ತರಗತಿ ಇಷ್ಟನ್ನೂ ಸ್ಪಷ್ಟವಾಗಿ ತಿಳಿಸಿ, ಒಪ್ಪುವವರು ಮಾತ್ರ ಬಂದು ಮಾತಾಡಿ ಎಂದಳು. ಊಟದ ಹೊತ್ತಿಗೆ ಅವಳ ಸುತ್ತ ನಾಲ್ಕೈದು ಹೆಂಗಸರು ಸೇರಿದ್ದರು. ಎಲ್ಲರೂ ಅವಳ ಹಾಗೆಯೇ ಮಗುವಿರುವ ತಾಯಂದಿರು. ಮುಂದಿನ ಸಮಾವೇಶದಲ್ಲಿ ತಾವೂ ಹೀಗೆಯೇ ಹೇಳುತ್ತೇವೆ ಎಂದು ಮಾತಾಡಿಕೊಂಡು, ಒಬ್ಬರ ಫೋನ್ ನಂಬರನ್ನು ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು.